ಬಂಗಾರದ ತಲೆಗೆ ಕರಿ ಬಣ್ಣ

ತಲೆಗೂದಲಿನ ಬಣ್ಣ ಮನುಷ್ಯನ ಖಾಸಗಿ ವಿಚಾರ ಎಂದು ಮಲ್ಲಿನಾಥ ನಂಬಿದ್ದು ಜತ್ತಿನ ಸಲೂನಿನ ಕುರ್ಚಿಯಿಂದ ಇಳಿದು ತನ್ನೂರು ಶೇಗಾಂವದ ಬಸ್ಸು ಹತ್ತುವವರೆಗೆ ಮಾತ್ರ. ಬಸ್ಸಿನಲ್ಲಿ ಕಂಡಕ್ಟರ್ ಅವನನ್ನು ಹಿಂದಿಯಲ್ಲಿ ಮಾತನಾಡಿಸಿದ. (ಇವನು ಕನ್ನಡದಲ್ಲಿ ಟಿಕೀಟು ಕೇಳಿದ್ದಕ್ಕೆ ಹಿಂದಿನ ಸೀಟಿನ ಮುದುಕಿ, "ಪಾಪ, ನಮ್ಮ ಮಾತು ಎಷ್ಟ್ ಚಲೋ ಕಲ್ತಾನ!" ಎಂದು ಮೆಚ್ಚಿಕೊಂಡಳು.)

ಜತ್ತಿನ ಪಂಪ್‌ಸೆಟ್ ಅಂಗಡಿಯೊಂದರಲ್ಲಿ ಸಂಬಳಕ್ಕಿದ್ದ ಮಲ್ಲಿನಾಥ ಹೀಗೆ ಹೊಂಗೂದಲಿನವನಾದದ್ದು ಸಂತೋಷದ ಭರದಲ್ಲಿ. ಹಿಂದಿನ ತಿಂಗಳು ಮಾಡಗ್ಯಾಳಕ್ಕೆ ಹೋಗಿ ಮಂಗಲ ಎಂಬ ಹುಡುಗಿಯನ್ನು ನೋಡಿ ಬಂದಿದ್ದ. ಅವಲಕ್ಕಿಯ ತಟ್ಟೆ ಕೊಡುವಾಗ ಅವಳು ನಕ್ಕಿದ್ದಳು. ಆ ನಗೆಗೆ ತಕ್ಕ ವರನಾಗುವ ದಾರಿ ಹುಡುಕುತ್ತಿದ್ದವನಿಗೆ ಸಲೂನಿನ ಗೆಳೆಯ ವಿಠೋಬ, "ನಿನ್ನ ಮಾರಿಗೆ ಬಂಗಾರದ ಬಣ್ಣ ಭಾಳ ಒಪ್ಪತೈತಿ" ಎಂದ. ಜೀವಮಾನದಲ್ಲಿ ಆ ಮುಖಕ್ಕೆ ಏನಾದರೊಂದು ಒಪ್ಪುತ್ತದೆ ಎಂದವನು ಅವನೊಬ್ಬನೇ. ನಂಬದೆ ಏನು ಮಾಡಿಯಾನು?

ತಾಯಿ ಅಕ್ಕವ್ವ ಬಾಗಿಲಲ್ಲೇ ಎದೆ ಹಿಡಿದುಕೊಂಡು ನಿಂತಳು.

"ಏನೋ ಇದು? ಗೋವಿನಜೋಳದ ತೆನಿ ಸುಲಿದು ಅದರ ಕೂದಲಾ ತಲಿ ಮ್ಯಾಲ ಇಟ್ಕೊಂಡಿಯೇನು?"

"ಫ್ಯಾಶನ್ ಐತಿ, ಯವ್ವಾ."

"ರವಿವಾರ ಮಂಗಲನ ಅಪ್ಪ ಮನಿ ನೋಡಾಕ ಬರ್ತಾನ. ನಿನ್ನ ಫ್ಯಾಶನ್ ಕಂಡು ಅಂಗಳದಾಗಿಂದನ ಹೊಳ್ಳಿ ಹೋಗ್ತಾನ. ಲಗೂನ ಕರಿ ಮಾಡ್ಕೋ!"

ಮಂಗಲಳ ಅಪ್ಪ ಭರಮಣ್ಣ ಕುರಿ ವ್ಯಾಪಾರದಲ್ಲಿ ಹೆಸರು ಮಾಡಿದವನು. ಒಂದು ಟಗರನ್ನು ಒಪ್ಪಬೇಕಾದರೆ ಅರ್ಧ ದಿನ ಅದರ ಸುತ್ತ ತಿರುಗುವ ಆಸಾಮಿ. ಅಂಥವನು ಅಳಿಯನ ಸುತ್ತ ಎಷ್ಟು ಹೊತ್ತು ತಿರುಗಿಯಾನು?

ಶನಿವಾರ ಸಂಜೆ ಹಿತ್ತಲಿನಲ್ಲಿ ಕೇಶಕೃಷ್ಣೀಕರಣ ಮಹೋತ್ಸವ ನಡೆಯಿತು. ತಂಗಿ ಸುನಿತಾ ಕಿರಾಣಿ ಅಂಗಡಿಯ ಕರಿ ಬಣ್ಣದ ಪುಡಿ ಕಲಸಿ ಬಳಿದು, ಹೊತ್ತು ಬಿಟ್ಟು ನೀರು ಸುರಿದಳು.

"ಅಣ್ಣಾ, ಬಂಗಾರ ಹೋತು."

"ಕರಿ ಬಂತೇನು?"

"ಇಲ್ಲ, ಮೆಂತೆಪಲ್ಯೆ ಬಂದೈತಿ."

ಕನ್ನಡಿಯಲ್ಲಿ ನೋಡಿದರೆ ತಲೆ ನಿಜಕ್ಕೂ ಹಸಿರಾಗಿತ್ತು. ಮತ್ತೊಂದು ಪೊಟ್ಟಣ ಬಂತು, ಅದರ ಮೇಲೆ ಇನ್ನೊಂದು. ಕೊನೆಗೆ ಕೂದಲು ಡಾಂಬರಿನ ರಸ್ತೆಯಂತೆ ಮಿರಮಿರ ಮಿಂಚಿತು. ಕಿವಿ, ಕುತ್ತಿಗೆಗಳೂ ಅಷ್ಟಿಷ್ಟು ಮಿಂಚಿದವು. ಆಮೇಲೆ ಅವನು ತನ್ನ ಮೊಬೈಲಿನಲ್ಲಿದ್ದ ಬಂಗಾರದ ಫೋಟೋಗಳನ್ನೆಲ್ಲ ಅಳಿಸಿದ. ಸುನಿತಾಳಿಗೂ ಅಳಿಸಲು ಹೇಳಿದ. "ಅಳಿಸಿದೆ ತಗೋ" ಎನ್ನುವಾಗ ಅವಳು ಯಾಕೋ ನಕ್ಕಳು.

ರವಿವಾರ ಭರಮಣ್ಣ ಬಂದ. ಅಕ್ಕವ್ವ ಅವಲಕ್ಕಿ ಕೊಟ್ಟು, ಯಾರೂ ಕೇಳದಿದ್ದರೂ ಸಾಕ್ಷಿ ನುಡಿದಳು: "ನನ್ನ ಮಗನ ತಲಿಗಿ ಎಣ್ಣಿ ಬಿಟ್ಟು ಬ್ಯಾರೆ ಏನೂ ತಾಗಿಲ್ಲ ನೋಡ್ರಿ!" ಮಾತೇ ಆಡದ ಅಪ್ಪ ಲಗಮಣ್ಣ ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿದ. ಅವನು ಕುರಿ ಕಾದು ನರೆತ ಮನುಷ್ಯ; ಸುಳ್ಳಿಗೆ ಕಾವಲು ಕಾದ ಅಭ್ಯಾಸವಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಪಂಖ ನಿಂತಿತು. ಮಲ್ಲಿನಾಥ ಬೆವರತೊಡಗಿದ. ಬೆವರಿದ್ದು ಗೊತ್ತಾಗಬಾರದೆಂಬ ಹೆದರಿಕೆಗೆ ಇನ್ನಷ್ಟು ಬೆವರಿದ. ಒಂದು ಕರಿ ಹನಿ ಕಪಾಳದಿಂದ ಸಾವಕಾಶ ಇಳಿದು ಬಿಳಿ ಅಂಗಿಯ ಕಾಲರಿನ ಮೇಲೆ ಕುಳಿತಿತು.

ಭರಮಣ್ಣ ಅವಲಕ್ಕಿಯ ತಟ್ಟೆ ಕೆಳಗಿಟ್ಟ.

"ತಮ್ಮಾ, ಸ್ವಲ್ಪ ಹತ್ತರ ಬಾ."

ಬಣ್ಣ ಬಳಿದ ಕುರಿಯನ್ನು ಸಂತೆಯಲ್ಲಿ ಪರೀಕ್ಷಿಸುವವನಂತೆ ಹೆಬ್ಬೆರಳಿಗೆ ಉಗುಳು ಹಚ್ಚಿ ಅವನ ಕಿವಿಯ ಹಿಂದೆ ಗಸಗಸ ತಿಕ್ಕಿದ. ಕರಿ ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ಲಗಮಣ್ಣಾರ, ಹುಡುಗನ ತಲಿ ಬೆಳ್ಳಗಾಗೇತಿ, ಮುಚ್ಚೀರಿ. ಖರೇ ವಯಸ್ಸ ಎಷ್ಟ್ರಿ?"

"ಇಪ್ಪತ್ತಾರ್ರಿ ಮಾಮಾ!" ಎಂದು ಮಲ್ಲಿನಾಥನೇ ಚೀರಿದ.

"ಬಾಯಿ ತಗಿ."

ತೆಗೆದ. ಭರಮಣ್ಣ ತುಟಿ ಎತ್ತಿ ಹಲ್ಲು ನೋಡಿದ, ದವಡೆ ಒತ್ತಿದ. "ಹಲ್ಲು ಇಪ್ಪತ್ತಾರ ಅಂತಾವ. ತಲಿ ಯಾಕ ಒಪ್ಪವಲ್ದು?"

"ಬಿಳಿ ಅಲ್ರಿ ಮಾಮಾ, ಬಂಗಾರ ಇತ್ರಿ! ಫ್ಯಾಶನ್ನಿಗೆ ಮಾಡಿಸಿದ್ದೆ!"

"ಬಂಗಾರ? ಹಂಗಾದ್ರ ಫೋಟೋ ತೋರ್ಸು."

ಮಲ್ಲಿನಾಥ ಮೊಬೈಲು ಹಿಂದೆ ಮುಂದೆ ತಿಕ್ಕಿದ. ನಿನ್ನೆಯವರೆಗೆ ಯಾವ ತಲೆಯನ್ನು ಜಗತ್ತಿನಿಂದ ಮುಚ್ಚಿಡಲು ಒದ್ದಾಡಿದ್ದನೋ, ಇಂದು ಅದೇ ತಲೆಗೆ ಒಂದು ಸಾಕ್ಷಿ ಬೇಕಿತ್ತು. ತಾಯಿಯ ಕಡೆ ನೋಡಿದ. ಎಣ್ಣೆಯ ಮಾತಾಡಿದ್ದ ಅಕ್ಕವ್ವ ಈಗ ಅವಲಕ್ಕಿಯೊಳಗಿನ ಶೇಂಗಾ ಎಣಿಸುತ್ತಿದ್ದಳು.

"ಸಂಶಯ ಬಂದ ಕುರಿದು ಉಣ್ಣೆ ಕತ್ತರಿಸಿ ಬಿಡೂದು. ಎಂಟು ದಿನದಾಗ ಖರೇ ಬಣ್ಣ ತಾನ ಬರ್ತೈತಿ," ಎಂದ ಭರಮಣ್ಣ. "ಕರಿ ಬಂದ್ರ ನಿಶ್ಚಯಕ್ಕ ಸಕ್ಕರಿ ಹಂಚೂನು. ಬಿಳಿ ಬಂದ್ರ ನಮಸ್ಕಾರ. ಒಪ್ತಿ ಏನು ತಮ್ಮಾ?"

ಮಂಗಲಳ ನಗು ನೆನಪಾಯಿತು. ಮಲ್ಲಿನಾಥ ಗೋಣು ಹಾಕಿದ.

ಲಗಮಣ್ಣನ ಉಣ್ಣೆ ಕತ್ತರಿ ಗೂಟದಿಂದ ಇಳಿಯಿತು. ಭರಮಣ್ಣ ಭಾವೀ ಅಳಿಯನನ್ನು ಅಂಗಳದಲ್ಲಿ ಕೆಡವಿ ಮೊಣಕಾಲು ಊರಿದ. ಲಗಮಣ್ಣ ಅಭ್ಯಾಸಬಲದಿಂದ ಬಂದು ಮಗನ ಎರಡೂ ಕಾಲು ಹಿಡಿದುಕೊಂಡ. ಕತ್ತರಿ ಕಚಕಚ ಎಂದಿತು. ಎಡಗಡೆಯ ತಲೆ ಬಯಲಾಗುವ ಹೊತ್ತಿಗೆ ಸುನಿತಾ ಮೊಬೈಲು ಹಿಡಿದು ಒಳಗಿನಿಂದ ಓಡಿ ಬಂದಳು.

"ಅಣ್ಣಾ! ಮಂಗಲಾ ಮೆಸೇಜ್ ಹಾಕ್ಯಾಳ! ನಿನ್ನ ಬಂಗಾರದ ಫೋಟೋ ನಾನ ಅಕಿಗೆ ಮೊದಲ ಕಳ್ಸಿದ್ನಿ. 'ಭಾಳ ಚಲೋ ಕಾಣಸ್ತಾರ, ನಿಶ್ಚಯದ ದಿನಾನೂ ಹಂಗ ಇರ್ಲಿ, ಗೆಳತ್ಯಾರಿಗೆಲ್ಲಾ ಹೇಳೀನಿ' ಅಂದಾಳ!"

ಭರಮಣ್ಣ ಫೋಟೋವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. "ಖರೇನ ಬಂಗಾರ!"

"ಹಂಗಾದ್ರ ಬಿಡ್ರಿ ಮಾಮಾ! ಉಳಿದದ್ದರ ಇರ್ಲಿ!"

"ಅರ್ಧಾ ಕತ್ತರಿಸಿದ ಮ್ಯಾಲ ಕುರಿ ಒದರ್ತೈತಿ ಅಂತ ಬಿಡಾಕ ಬರ್ತೈತೇನ ತಮ್ಮಾ?" ಎಂದು ಭರಮಣ್ಣ ಅವನ ತಲೆಯನ್ನು ಬಲಕ್ಕೆ ಹೊರಳಿಸಿದ.

ಬೆಳಗಿನಿಂದ ತುಟಿ ಬಿಚ್ಚದ ಲಗಮಣ್ಣ ಆಗ ಬಾಯಿ ತೆರೆದ.

"ಅಳ್ಳಾಡಬ್ಯಾಡ ಮಗನ. ಕಿವಿ ಹೋಗ್ತಾವ."