ಹಿಂದಿನ ಲೇಬಲ್ಲಿನ ಹೆಸರು

ಒಂದು ಸೀಸೆ ವೈನಿನ ಬೆಲೆ ಗಿರಗಿಟ್ಲೆಯ ಎರಡು ತಿಂಗಳ ಸಂಬಳ. ಅದರಲ್ಲಿ ದ್ರಾಕ್ಷಿಯ ಪಾಲು ಎರಡು ದಿನದ್ದು, ಗಾಜಿನದು ಅರ್ಧ ದಿನದ್ದು, ಕಾರ್ಕು ಮತ್ತು ಅದನ್ನು ಹಿಡಿದಿಡುವ ತಂತಿಯದು ಒಂದು ಹೊತ್ತಿನ ಊಟದಷ್ಟು. ಉಳಿದದ್ದೆಲ್ಲ ಎಂಟು ವರ್ಷ ನೆಲಮಾಳಿಗೆಯ ಕತ್ತಲಲ್ಲಿ ಸುಮ್ಮನೆ ಮಲಗಿದ್ದಕ್ಕೆ. ಅದೇ ಕತ್ತಲಲ್ಲಿ ಇಪ್ಪತ್ತೆರಡು ವರ್ಷ ನಿಂತುಕೊಂಡೇ ಇದ್ದ ಗಿರಗಿಟ್ಲೆಯ ಬೆಲೆ ಮಾತ್ರ ಹಾಗೆ ಏರಿರಲಿಲ್ಲ.

ಅವನ ಕೆಲಸ ಸೀಸೆ ತಿರುಗಿಸುವುದು. ಅವನು ಕೆಲಸಕ್ಕಿದ್ದ ಮನೆತನದವರು ನಾಲ್ಕು ತಲೆಮಾರಿನಿಂದ ಗುಳ್ಳೆಯೇಳುವ ವೈನ್ ಮಾಡುತ್ತಿದ್ದರು. ಮುತ್ತಜ್ಜ ಸುಣ್ಣಕಲ್ಲಿನ ಗುಡ್ಡ ಕೊರೆಸಿ ಮಾಡಿಸಿದ ನೆಲಮಾಳಿಗೆಯಲ್ಲಿ ಸೀಸೆಗಳು ತೂತಿನ ಹಲಗೆಗಳಿಗೆ ಕತ್ತು ಕೆಳಗಾಗಿ ಸಿಕ್ಕಿಕೊಂಡಿರುತ್ತಿದ್ದವು. ಅವನ್ನು ದಿನಾ ಒಂದು ಸುತ್ತಿನ ಎಂಟನೇ ಒಂದು ಪಾಲು ತಿರುಗಿಸಿ ಒಳಗಿನ ಮಡ್ಡಿಯನ್ನು ಕತ್ತಿಗೆ ಇಳಿಸಬೇಕು. ಹೆಚ್ಚಾದರೆ ಮಡ್ಡಿ ಕದಡುತ್ತದೆ, ಕಮ್ಮಿಯಾದರೆ ಕದಲುವುದೇ ಇಲ್ಲ. ಕೈಗೆ ಎಷ್ಟು ಅಭ್ಯಾಸ ಹತ್ತಿತ್ತೆಂದರೆ ಊಟಕ್ಕೆ ಕೂತಾಗ ನೀರಿನ ಲೋಟ, ಉಪ್ಪಿನ ಡಬ್ಬಿ, ಒಮ್ಮೆ ನೆಂಟರ ಮಗುವಿನ ತಲೆ, ಎಲ್ಲವನ್ನೂ ಎಂಟನೇ ಒಂದು ಪಾಲು ತಿರುಗಿಸಿಬಿಟ್ಟಿದ್ದ. ಗಿರಗಿಟ್ಲೆ ಎಂಬ ಹೆಸರು ಬಂದದ್ದು ಹಾಗೆ.

ಹಲವು ವರ್ಷಗಳ ರಸ ಬೆರೆಸಿದರೆ ಅದು ಮಾಮೂಲಿ ವೈನ್. ಬೆಳೆ ಅಪರೂಪಕ್ಕೆ ಕೂಡಿಬಂದ ವರ್ಷ ಮಾತ್ರ ಆ ಒಂದೇ ವರ್ಷದ ರಸವನ್ನು ಬೇರೆ ಇಟ್ಟು, ಸೀಸೆಯ ಮೇಲೆ ಇಸವಿ ಹಾಕುತ್ತಿದ್ದರು. ನಲವತ್ತು ವರ್ಷದಲ್ಲಿ ಅಂಥದ್ದು ಐದೇ ಬಾರಿ ಬಂದಿತ್ತು. ಆಗ ಸೀಸೆಯ ಹಿಂದಿನ ಲೇಬಲ್ಲಿನಲ್ಲಿ, ಮನೆತನದ ಹೆಸರಿನ ಕೆಳಗೆ, ಆ ವೈನಿಗಾಗಿ ದುಡಿದ ಒಬ್ಬರ ಹೆಸರು ಅಚ್ಚಾಗುವುದು ಅಲ್ಲಿಯ ಪದ್ಧತಿ. ಅಂಥ ಐದನೆಯ ವೈನ್ ಈಗ ಎಂಟು ವರ್ಷ ಮಾಗಿ ಸಿದ್ಧವಾಗಿತ್ತು. ಹೋದ ಸಲ ಅಚ್ಚಾದದ್ದು ಗಿರಗಿಟ್ಲೆಯ ಷಡ್ಡಕನ ಹೆಸರು.

ಷಡ್ಡಕ ಎಲ್ಲರ ಬಾಯಲ್ಲೂ ಮೂಗಣ್ಣ. ವೈನ್ ಮೂಸಿ, ಯಾವ ಪೀಪಾಯಿಯದನ್ನು ಎಷ್ಟು ಬೆರೆಸಬೇಕೆಂದು ಹೇಳುವವನು. ಗಿರಗಿಟ್ಲೆಯ ಪ್ರಕಾರ ಅದು ಕೆಲಸವೇ ಅಲ್ಲ. ನೆಗಡಿ ಬಾರದಂತೆ ನೋಡಿಕೊಂಡು ಸಂಬಳ ಎಣಿಸುವುದು.

“ಇವತ್ತು ರುಚಿ ನೋಡೋರು ಬರ್ತಾರಂತೆ,” ಎಂದಳು ಹೆಂಡತಿ ಬೆಳಿಗ್ಗೆ. “ಲೇಬಲ್ಲಿಗೆ ಯಾರ ಹೆಸರು ಅಂತಾನೂ ಇವತ್ತೇ ಹೇಳ್ತಾರಂತೆ. ತಂಗಿ ಫೋನ್ ಮಾಡಿದ್ಲು.”

“ಈ ಸಲ ನನ್ನ ಸರದಿ.”

“ಸರದಿ ಅನ್ನೋಕೆ ಅದೇನು ಬೀದಿ ನಲ್ಲಿನಾ? ಅವಳ ಮನೆ ಷೋಕೇಸಲ್ಲಿ ಗಂಡನ ಹೆಸರಿರೋ ಸೀಸೆ ಇದೆ. ದಿನಾ ಧೂಳು ಒರೆಸ್ತಾಳೆ. ನಾನು ಹೋದ ದಿನ ಎರಡು ಸಲ ಒರೆಸ್ತಾಳೆ. ನಿಮ್ಮ ಹೆಸರು ಕರೆಂಟ್ ಬಿಲ್ಲಲ್ಲೂ ತಪ್ಪಾಗಿದೆ.”

ಗಿರಗಿಟ್ಲೆ ಲೋಟ ತಿರುಗಿಸಿದ.

ಕಾರ್ಖಾನೆಯ ಬಾಗಿಲಲ್ಲೇ ಲೇಬಲ್ ಅಂಟಿಸುವ ಅಕ್ಕ ಸಿಕ್ಕಳು. ಸುದ್ದಿಯನ್ನು ಲೇಬಲ್ಲಿಗಿಂತ ಗಟ್ಟಿಯಾಗಿ ಅಂಟಿಸುವ ಹೆಂಗಸು.

“ನಿಮ್ಮ ಷಡ್ಡಕರು ನಿನ್ನೆ ಅಮ್ಮಾವ್ರ ರೂಮಲ್ಲಿ ಮುಕ್ಕಾಲು ಗಂಟೆ ಕೂತಿದ್ರು. ಬಾಗಿಲು ಹಾಕ್ಕೊಂಡು. ಒಳಗೆ ಬರೀ ಲೇಬಲ್ಲಿನ ಮಾತೇ. ಹೊರಗೆ ಬಂದಾಗ ಮುಖ ನೋಡಬೇಕಿತ್ತು, ಮದುವೆ ಗೊತ್ತಾದ ಹಾಗಿತ್ತು.”

“ನೀವು ಕೇಳಿಸ್ಕೊಂಡ್ರಾ?”

“ನಾನ್ಯಾಕೆ ಕೇಳಿಸ್ಕೊಳ್ಳಲಿ? ಬಾಗಿಲು ಒರೆಸ್ತಾ ಇದ್ದೆ.”

“ನೀವು ಬಾಗಿಲು ಒರೆಸೋಕೆ ಶುರು ಮಾಡಿದ್ದು ಯಾವಾಗಿಂದ?”

“ಅವರು ಹಾಕ್ಕೊಂಡಾಗಿಂದ.”

ಗಿರಗಿಟ್ಲೆ ಹೋದ ಸಲದಿಂದ ಬಿರಡೆ ಜಡಿದು ಅದುಮಿಟ್ಟಿದ್ದೆಲ್ಲ ಒಟ್ಟಿಗೆ ಮೇಲೆದ್ದಿತು. ಅವನು ನೆಲಮಾಳಿಗೆಗೆ ಇಳಿಯಲಿಲ್ಲ. ರುಚಿ ನೋಡುವ ಮೇಲಿನ ಕೋಣೆಗೆ ಹತ್ತಿದ.

ಅಲ್ಲಿ ಮೇಜಿನ ಮೇಲೆ ಒಂದೇ ಥರದ ಎರಡು ಗಾಜಿನ ಜಗ್ಗುಗಳಿದ್ದವು. ಸೀಸೆಯ ಮುಚ್ಚಳ ತೆಗೆದು ಮಡ್ಡಿ ಹಾರಿಸಿದಾಗ ಒಂದಿಷ್ಟು ವೈನೂ ಚೆಲ್ಲುತ್ತದೆ. ಆ ಜಾಗಕ್ಕೆ ಸಕ್ಕರೆ ಕರಗಿಸಿದ ವೈನ್ ತುಂಬಬೇಕು. ಸಕ್ಕರೆ ಎಷ್ಟೆಂಬುದು ಮೂಗಣ್ಣನ ಗುಟ್ಟು. ಆ ಜಗ್ಗಿನ ಹಿಡಿಗೆ ಅವನು ಕೆಂಪು ದಾರ ಕಟ್ಟಿದ್ದ. ಇನ್ನೊಂದರಲ್ಲಿ ಅತಿಥಿಗಳ ಗಾಜಿನ ಲೋಟ ತೊಳೆಯಲು ಇಟ್ಟ, ಸಕ್ಕರೆ ಹಾಕದ ಸಪ್ಪೆ ವೈನ್. ಗಿರಗಿಟ್ಲೆ ಹಲ್ಲಿನಿಂದ ಗಂಟು ಬಿಚ್ಚಿ, ದಾರವನ್ನು ಸಪ್ಪೆ ಜಗ್ಗಿಗೆ ಕಟ್ಟಿದ. ಸಕ್ಕರೆ ಇಲ್ಲದ ಹುಳಿಗೆ ಅತಿಥಿಗಳ ಮುಖ ಹಿಂಡಿದ ನಿಂಬೆಹೋಳಾಗುವುದನ್ನು ನೆನೆಸಿಕೊಂಡು ಒಬ್ಬನೇ ನಕ್ಕ.

ಹೆಜ್ಜೆ ಸಪ್ಪಳವಾಯಿತು. ಪೆಟ್ಟಿಗೆಗಳ ಹಿಂದೆ ಅಡಗಲು ಹೋಗಿ ಮೊಣಕೈ ತಾಗಿಸಿದ. ಮೇಲಿದ್ದ ಸೀಸೆ ಉರುಳಿ ಪಟಾಕಿಯಂತೆ ಸಿಡಿದು, ಅರ್ಧ ಅವನ ಅಂಗಿಯೊಳಗೇ ಹೋಯಿತು.

“ಯಾರದು?” ಎಂದು ಅಕ್ಕ ಇಣುಕಿದಳು. “ಅಯ್ಯೋ, ನೀವಾ? ಅಂಗಿ ಯಾಕೆ ಒದ್ದೆ?”

“ಬೆವರು.”

“ಇಷ್ಟು ಒಳ್ಳೆ ವಾಸನೆ ಬೆವರು ನಮ್ಮನೇಲಿ ಯಾರಿಗೂ ಬರಲ್ಲಪ್ಪ.”

ಹತ್ತೂವರೆಗೆ ಅತಿಥಿಗಳು ಬಂದರು. ದೊಡ್ಡ ಹೋಟೆಲುಗಳಿಗೆ ವೈನ್ ಆರಿಸಿಕೊಡುವ ಮೂವರು. ಎಲ್ಲರೂ ಅಮ್ಮಾವ್ರು ಎನ್ನುವ ಯಜಮಾನಿ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಗಿರಗಿಟ್ಲೆ ಸೀಸೆಯನ್ನು ತಲೆಕೆಳಗಾಗಿ ಹಿಡಿದು ಮುಚ್ಚಳ ಎಬ್ಬಿಸಿ, ಮಡ್ಡಿ ಹಾರಿದ ಕ್ಷಣಕ್ಕೆ ಹೆಬ್ಬೆರಳು ಒತ್ತಿ ನೆಟ್ಟಗೆ ಮಾಡಿದ. ಮೂಗಣ್ಣ ಕೆಂಪು ದಾರದ ಜಗ್ಗನ್ನು ಎತ್ತಿ, ಪದ್ಧತಿಯಂತೆ ಗಂಭೀರವಾಗಿ ಮೂಸಿ, ಅಳತೆಯಷ್ಟು ಸುರಿದ. ಸಕ್ಕರೆಗೆ ವಾಸನೆಯಿಲ್ಲ, ಮೂಗಿನ ರಾಜ್ಯ ಅಲ್ಲಿಗೆ ಮುಗಿಯುತ್ತದೆಂದು ಗಿರಗಿಟ್ಲೆಗೆ ಗೊತ್ತಿತ್ತು. ಅತಿಥಿಗಳಿಗಿಂತ ಮೊದಲು ಮನೆಯವರು ಯಾರೂ ತುಟಿ ತಾಗಿಸುವಂತಿರಲಿಲ್ಲ.

ಮೂವರೂ ಕುಡಿದರು. ಒಬ್ಬರು ಕಣ್ಣು ಮುಚ್ಚಿದರು. ಇನ್ನೊಬ್ಬರು ಲೋಟವನ್ನು ನಡುದಾರಿಯಲ್ಲೇ ನಿಲ್ಲಿಸಿದರು. ಮೂರನೆಯವರು ಯಜಮಾನಿಯನ್ನೇ ದಿಟ್ಟಿಸಿದರು. ಯಜಮಾನಿ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, “ನೀವಿಬ್ಬರೂ ಕೆಳಗೆ ಹೋಗಿರಿ,” ಎಂದರು.

“ಭಾವ, ಏನೋ ಎಡವಟ್ಟಾಗಿದೆ,” ಎಂದ ಮೂಗಣ್ಣ ಮೆಟ್ಟಿಲಲ್ಲಿ. “ಅಮ್ಮಾವ್ರ ಮುಖ ನೋಡಿದ್ರಾ?”

“ಬಿಡಿ ಬಿಡಿ. ನಿಮ್ಮಂಥೋರ ಕೈಲಿ ತಪ್ಪಾಗುತ್ತಾ?” ಎಂದ ಗಿರಗಿಟ್ಲೆ. ವೈನಿಗೆ ಬೀಳದ ಸಕ್ಕರೆಯೆಲ್ಲ ಆ ಮಾತಿಗೆ ಬಿದ್ದಿತ್ತು.

ಅರ್ಧ ಗಂಟೆಯ ಮೇಲೆ ಯಜಮಾನಿ ನೆಲಮಾಳಿಗೆಗೆ ಇಳಿದು ಬಂದರು. ಕರೆಯದಿದ್ದರೂ ಅಕ್ಕ ಹಿಂದೆಯೇ ಬಂದಿದ್ದಳು.

“ಅದಕ್ಕೆ ಸಕ್ಕರೆ ಬಿದ್ದಿಲ್ಲ,” ಎಂದರು ಯಜಮಾನಿ. ದನಿಯಲ್ಲಿ ಬಿಸಿಯೂ ಇಲ್ಲ, ತಂಪೂ ಇಲ್ಲ. “ಯಾರ ಕೆಲಸ?”

“ಕೆಂಪು ದಾರದ ಜಗ್ಗಿಂದಾನೇ ಹಾಕಿದೆ ಅಮ್ಮಾವ್ರೆ,” ಎಂದ ಮೂಗಣ್ಣ.

“ಅದರಲ್ಲಿರೋದು ಸಪ್ಪೆ ವೈನ್. ನಾನೇ ನೋಡಿದೆ. ಬೆಳಿಗ್ಗೆ ಆ ಕೋಣೇಲಿ ಯಾರಿದ್ರು?”

“ಇವರಿದ್ರು,” ಎಂದಳು ಅಕ್ಕ, ಗಿರಗಿಟ್ಲೆಯತ್ತ ಗಲ್ಲ ತೋರಿಸಿ. “ಚೆನ್ನಾಗಿ ಬೆವರ್ತಿದ್ರು.”

ಯೋಚಿಸಲು ಸಮಯ ಸಿಕ್ಕಿದ್ದರೆ ಅವನು ಸಣ್ಣ ಸುಳ್ಳು ಹೇಳುತ್ತಿದ್ದನೇನೋ. ಸಿಗಲಿಲ್ಲ.

“ಇದ್ದೆ ಅಮ್ಮಾವ್ರೆ. ಇದ್ದಿದ್ದಕ್ಕೇ ಕಣ್ಣಾರೆ ನೋಡಿದೆ. ದಾರ ಬದಲಾಯಿಸಿದ್ದು ನಮ್ಮ ಷಡ್ಡಕರೇ. ಮನೆಯವರಲ್ವಾ ಅಂತ ಬಾಯಿ ಮುಚ್ಕೊಂಡಿದ್ದೆ.”

“ನಾನಾ?” ಎಂದ ಮೂಗಣ್ಣ.

“ಕೈತಪ್ಪಿ ಆಗಿದ್ದೋ, ಬೇಕಂತ ಮಾಡಿದ್ದೋ?” ಎಂದು ಯಜಮಾನಿ ಕೇಳಿದರು.

ಕೈತಪ್ಪಿ ಎಂದರೆ ಕ್ಷಮಿಸಿಬಿಡುತ್ತಾರೆ. ಆ ಬಾಗಿಲನ್ನೂ ಮುಚ್ಚಬೇಕು. “ಬೇಕಂತಲೇ. ‘ಈ ಇಸವಿಯ ವೈನಿಗೆ ಸಕ್ಕರೆ ಯಾಕೆ, ಇದ್ದ ಹಾಗೇ ಕುಡೀಲಿ’ ಅಂತ ತಮಗೆ ತಾವೇ ಹೇಳ್ಕೊಂಡ್ರು. ನಿಮ್ಮನ್ನ ಒಂದು ಮಾತು ಕೇಳದೆ ಹೀಗೆ ಮಾಡಬಹುದಾ ಅಂತ ನಂಗೇ ಸಂಕಟ ಆಯ್ತು.”

“ಇದನ್ನೇ ಅತಿಥಿಗಳ ಎದುರಿಗೂ ಹೇಳ್ತೀಯಾ?”

“ಯಾರೆದುರಿಗೆ ಬೇಕಾದ್ರೂ ಹೇಳ್ತೀನಿ.”

ಮೇಲೆ ಹೋಗಿ ಹೇಳಿದ. ಮೂಗಣ್ಣ ದಾರ ಹೇಗೆ ಕಟ್ಟಿದನೆಂದು ಕೈಯಲ್ಲಿ ಅಭಿನಯಿಸಿಯೂ ತೋರಿಸಿದ. ಮೂವರು ಅತಿಥಿಗಳೂ ಎದ್ದು ನಿಂತರು. ಹಿರಿಯರು ನೇರ ಹೋಗಿ ಮೂಗಣ್ಣನ ಎರಡೂ ಕೈ ಹಿಡಿದುಕೊಂಡರು.

“ಮೂವತ್ತು ವರ್ಷದಿಂದ ಇದೇ ನನ್ನ ಕೆಲಸ. ಸಕ್ಕರೆಯ ಮುಸುಕಿಲ್ಲದೆ ದ್ರಾಕ್ಷಿ ಇಷ್ಟು ಬಿಚ್ಚಿ ಮಾತಾಡಿದ್ದು ಇದೇ ಮೊದಲು. ಇದ್ದಷ್ಟೂ ಸೀಸೆ ನಮಗೇ ಬೇಕು, ಹೀಗೇ ಬೇಕು. ಕೈತಪ್ಪಿ ಆಗಿದ್ದಾ ಅಂತ ಅನುಮಾನ ಇತ್ತು. ಇದು ಧೈರ್ಯ ಸ್ವಾಮಿ.”

“ನಾನು ಮಾಡಿಲ್ಲ ಸಾರ್, ನಿಜವಾಗ್ಲೂ,” ಎಂದ ಮೂಗಣ್ಣ.

“ವಿನಯ ನೋಡಿ,” ಎಂದರು ಉಳಿದಿಬ್ಬರು.

ಗಿರಗಿಟ್ಲೆ ಒಂದು ಹೆಜ್ಜೆ ಮುಂದೆ ಬಂದ. “ಅಮ್ಮಾವ್ರೆ, ಅದು... ಅಸಲಿಗೆ ದಾರ ಕಟ್ಟಿದ್ದು ನಾನು.”

“ಈಗಷ್ಟೇ ಕಣ್ಣಾರೆ ನೋಡಿದೆ ಅಂದೆಯಲ್ಲ. ಆಗ ಹೇಳಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ? ಆಗಿನದು ಸುಳ್ಳಾದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ.”

“ಈಗಿನದು,” ಎಂದ ಗಿರಗಿಟ್ಲೆ, ತನಗೇ ಕೇಳಿಸದಷ್ಟು ಸಣ್ಣಗೆ.

ಯಜಮಾನಿ ಮೇಜಿನ ಖಾನೆ ಎಳೆದು ಒಂದು ಲೇಬಲ್ ತೆಗೆದರು. ಮನೆತನದ ಹೆಸರು, ಇಸವಿ, ಅದರ ಕೆಳಗೆ ಬಂಗಾರದ ಬಣ್ಣದಲ್ಲಿ ಗಿರಗಿಟ್ಲೆಯ ಅಪ್ಪ ಅಮ್ಮ ಇಟ್ಟ ಹೆಸರು, ಒಂದಕ್ಷರವೂ ತಪ್ಪಿಲ್ಲದೆ.

“ಮಾದರಿಗೆ ಒಂದು ಅಚ್ಚು ಹಾಕಿಸಿದ್ದೆ. ನಿನ್ನೆ ನಿನ್ನ ಷಡ್ಡಕ ಬಂದು, ‘ಇಪ್ಪತ್ತೆರಡು ವರ್ಷ ತಿರುಗಿಸಿದ್ದು ನಮ್ಮ ಭಾವ, ಈ ಸಲ ಅವರ ಹೆಸರೇ ಹಾಕಿ’ ಅಂತ ಮುಕ್ಕಾಲು ಗಂಟೆ ತಲೆ ತಿಂದ. ಕೊನೆಗೆ ಇದನ್ನ ತೋರಿಸಿದೆ. ಎಷ್ಟು ಖುಷಿಪಟ್ಟ ಗೊತ್ತಾ? ಆದ್ರೆ ಈಗ ಸಕ್ಕರೆ ಬೇಡ ಅಂದವರ ಹೆಸರೇ ಬೇಕಂತೆ ಇವರಿಗೆ. ನೀನೇ ಸಾಕ್ಷಿ ಹೇಳಿದ್ದೀಯ. ತನ್ನ ಹೆಸರು ಹೋದ್ರೂ ಪರವಾಗಿಲ್ಲ ಅಂತ ಸತ್ಯ ಹೇಳೋರು ಈ ಕಾಲದಲ್ಲಿ ಯಾರಿದ್ದಾರೆ? ತಗೋ, ನೆನಪಿಗೆ ಇಟ್ಕೋ.”

ಸಂಜೆ ಹೆಂಡತಿ ಲೇಬಲ್ಲನ್ನು ದೀಪದ ಕೆಳಗೆ ಹಿಡಿದು ಎರಡು ಸಲ ಓದಿದಳು. ನಡೆದದ್ದನ್ನೆಲ್ಲ ಕೇಳಿದಳು. ಬೈಯಲಿಲ್ಲ, ಅದರಿಂದಲೇ ಗಿರಗಿಟ್ಲೆಗೆ ಹೆಚ್ಚು ಭಯವಾಯಿತು. ಆಮೇಲೆ ಒಳಗೆ ಹೋಗಿ ಲೇಬಲ್ ಅಂಟಿಸಲು ಒಂದು ಸೀಸೆ ಹುಡುಕಿದಳು.

ನಾಲ್ಕು ಸಾವಿರ ಸೀಸೆಗಳ ಮೇಲೆ ಬರಬೇಕಿದ್ದ ಅವನ ಹೆಸರು ಒಂದೇ ಒಂದು ಸೀಸೆಯ ಮೇಲೆ ಬಂತು. ಅದರಲ್ಲಿದ್ದದ್ದು ಕಿಟಕಿ ಗಾಜು ಒರೆಸುವ ವಿನೆಗರ್.