ಎರಡು ಆಂಪ್, ಒಂದು ಸೆರಗು

ನಾಚಿಕೆ ಸ್ವಭಾವದವರನ್ನು ಸೋಲಿಸಲು ದೊಡ್ಡ ಮಾತೇನೂ ಬೇಕಿಲ್ಲ. "ನಿನಗೆ ಯಾವುದು ಬೇಕು?" ಎಂದು ಕೇಳಿದರೆ ಸಾಕು. ಈ ಪ್ರಶ್ನೆಗೆ ನಾನು ಬದುಕಿನುದ್ದಕ್ಕೂ ಕೊಟ್ಟ ಉತ್ತರ ಒಂದೇ, "ಯಾವುದಾದರೂ ಆದೀತು." ಸೀರೆ ಅಂಗಡಿಯಲ್ಲಿ ನಾನು ಹಾಗೆಂದಾಗಲೆಲ್ಲ ನಿಮ್ಮ ತಾತ ಕಂದು ಬಣ್ಣದ ಸೀರೆ ಆರಿಸುತ್ತಿದ್ದರು. ನನಗೆ ಇಷ್ಟ ಹಸಿರು. ಅದನ್ನು ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಅವರೇ ಹೋಗಿಬಿಟ್ಟರು. ಆಮೇಲೆ ಟ್ರಂಕು ತೆರೆದು ನೋಡಿದರೆ ಒಂಬತ್ತು ಕಂದು ಸೀರೆಗಳು. ಈಗ ಅವುಗಳ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಬಂದಿದೆ, ಆ ಮಾತು ಬೇರೆ. ಮೊಮ್ಮಕ್ಕಳೇ, ಇಂಥ ಅಜ್ಜಿಯ ಕೊರಳಿಗೆ ನಿಮ್ಮ ಪೂರ್ಣಿ ಒಂದು ತೀರ್ಪಿನ ಕೆಲಸ ಕಟ್ಟಿದಳು. ಅದನ್ನು ಅವಳ ಬಾಯಿಂದ ಕೇಳಿದರೆ ಉಪ್ಪು ಖಾರ ಹೆಚ್ಚಾಗುತ್ತದೆಂದು ನಾನೇ ಬರೆಯುತ್ತಿದ್ದೇನೆ.

ಪೂರ್ಣಿ ನನ್ನ ಹಿರಿಯ ಮಗನ ಮಗಳು. ರಾಯಚೂರಿನ ಅವರ ಮನೆಯಲ್ಲೇ ನಾನಿರುವುದು. ಹುಡುಗಿ ಬಿ.ಎಡ್. ಓದುತ್ತಾಳೆ, ಜೊತೆಗೆ ಗಿಟಾರ್ ಬಾರಿಸುತ್ತಾಳೆ. ಆ ಗಿಟಾರಿಗೆ ಹೊಟ್ಟೆಯೇ ಇಲ್ಲ, ಬರೀ ಹಲಗೆ. ತಂತಿ ಮೀಟಿದರೆ ಸೊಳ್ಳೆ ಗುಂಯ್ ಎಂದಷ್ಟೇ ಸದ್ದು. ಅದನ್ನು ನಾಲ್ಕು ಜನರಿಗೆ ಕೇಳಿಸಲು ಆಂಪ್ಲಿಫೈಯರ್ ಎಂಬ ಪೆಟ್ಟಿಗೆ ಬೇಕು. ಪೂರ್ಣಿ ಅದನ್ನು ಮುದ್ದಿನಿಂದ ಆಂಪ್ ಎನ್ನುತ್ತಾಳೆ. ಮುಂದಿನ ತಿಂಗಳು ಅವಳೂ ಅವಳ ಇಬ್ಬರು ಗೆಳತಿಯರೂ ಮೊದಲ ಸಲ ವೇದಿಕೆ ಹತ್ತುವವರಿದ್ದರು. ಅದಕ್ಕೆ ಕಾರ್ಖಾನೆಯ ಪೆಟ್ಟಿಗೆ ಸಾಲದಂತೆ. ಒಬ್ಬರೇ ಕೂತು ಕೈಯಿಂದ ಕಟ್ಟಿದ್ದಾಗಬೇಕು, ಒಳಗೆ ಹಳೆಯ ರೇಡಿಯೊದಲ್ಲಿದ್ದಂಥ ಗಾಜಿನ ವಾಲ್ವುಗಳಿರಬೇಕು. ಸ್ವಿಚ್ಚು ಹಾಕಿದ ಕೂಡಲೇ ಅವು ಮಾತಾಡುವುದಿಲ್ಲ. ಮೆಲ್ಲಗೆ ಕೆಂಪಾಗಿ, ಬೆಚ್ಚಗಾಗಿ, ಆಮೇಲೆ ಬಾಯಿ ಬಿಡುತ್ತವೆ. ನೋಡಿದ ಕೂಡಲೇ ನನಗೆ ಅವು ನಮ್ಮವರೇ ಎನ್ನಿಸಿತು.

ಇಂಥ ಪೆಟ್ಟಿಗೆ ಕಟ್ಟುವವರು ಇಬ್ಬರು ಸಿಕ್ಕರು. ಒಬ್ಬರು ಮಾನ್ವಿಯ ಖಾಜಾಸಾಬ್. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದರು. ಜನ ರೇಡಿಯೊ ಬಿಟ್ಟರೂ ಅವರು ವಾಲ್ವು ಬಿಡಲಿಲ್ಲ. ಬೇವಿನ ಹಲಗೆಯ ಅವರ ಪೆಟ್ಟಿಗೆ ಬೇಳೆ ಕಾಳು ಹಾಕಿಡುವ ಡಬ್ಬಿಯಂತಿತ್ತು. ಇನ್ನೊಬ್ಬರು ಶಕ್ತಿನಗರದ ಶಂಕ್ರಪ್ಪ. ವಿದ್ಯುತ್ ಸ್ಥಾವರದಲ್ಲಿ ದುಡಿದು ನಿವೃತ್ತರಾದವರು. ಅವರದು ಕಬ್ಬಿಣದ ಪೆಟ್ಟಿಗೆ. ಮುಂದೆ ಮುಳ್ಳಿನ ಎರಡು ಮೀಟರು, ಸಾಲಾಗಿ ದೀಪಗಳು. ಇಡೀ ಓಣಿಗೆ ಅದೇ ಕರೆಂಟು ಕೊಡುತ್ತದೇನೋ ಎನ್ನುವ ಠೀವಿ. ಇಬ್ಬರೂ ಒಂದು ವಾರ ಬಾರಿಸಿ ನೋಡಲು ಪೆಟ್ಟಿಗೆ ಬಿಟ್ಟುಹೋದರು. ಭಾನುವಾರ ಬಂದು ಗೆದ್ದವರು ದುಡ್ಡು ಒಯ್ಯಬೇಕು, ಸೋತವರು ಪೆಟ್ಟಿಗೆ ಹೊತ್ತು ಮರಳಬೇಕು.

ಬುಧವಾರದ ಹೊತ್ತಿಗೆ ಪೂರ್ಣಿಗೆ ತಲೆ ಕೆಟ್ಟಿತ್ತು. ಅವರಪ್ಪನನ್ನು ಕೇಳಿದರೆ, "ದೀಪ ಇರೋದು ತಗೋ, ಕರೆಂಟ್ ಅದನೋ ಇಲ್ಲೋ ಗೊತ್ತಾಕ್ಕದ," ಎಂದ. ನನ್ನ ಸೊಸೆ ಇನ್ನೂ ಖಡಕ್ಕು. "ಯಾವುದು ಸಣ್ಣದದ ಅದು. ಕಸಾ ಹೊಡಿಯಾಕಿ ನಾನು." ಕೊನೆಗೆ ಹುಡುಗಿ ನನ್ನ ಪಕ್ಕ ಬಂದು ಕೂತಳು.

"ಅಜ್ಜಿ, ನೀ ಹೇಳು."

"ಯಾವುದಾದ್ರೂ ಆದೀತು ಬಿಡವ್ವಾ."

"ಹಂಗಂದ್ರ ನಡಿಯಂಗಿಲ್ಲ. ಕೇಳಿ ಕೇಳಿ ನನ್ನ ಕಿವಿ ಸತ್ತು ಹೋಗ್ಯಾವ. ಹತ್ರ ಕುಂತ್ರ ಎರಡೂ ಚಲೋನೇ ಅನ್ನಿಸ್ತಾವ."

"ಹತ್ರ ಯಾಕ ಕುಂದುರ್ತಿ? ಗಂಟಿ ಕೇಳೋದು ದೂರದಿಂದ," ಎಂದುಬಿಟ್ಟೆ. ಬಾಯಿ ಜಾರಿತ್ತು.

ನಿಮಗೂ ಹೇಳುತ್ತೇನೆ. ಅರಕೇರಾದ ನಮ್ಮಪ್ಪನಿಗೆ ಕುರಿ ಹಿಂಡಿತ್ತು. ಹಿಂಡಿನ ಮುಂದಿನ ಟಗರಿಗೆ ಗಂಟೆ ಕೊಳ್ಳಲು ದೇವದುರ್ಗದ ಸಂತೆಗೆ ಹೋದರೆ, ಗಂಟೆಯನ್ನು ನನ್ನ ಕೈಗೆ ಕೊಟ್ಟು ತಾನು ಸಂತೆ ದಾಟಿ ದೂರ ಹೋಗಿ ನಿಲ್ಲುತ್ತಿದ್ದ. ನಾನು ಒಂದೊಂದನ್ನೇ ಅಲ್ಲಾಡಿಸಬೇಕು. "ಹತ್ರ ಎಲ್ಲಾ ಗಂಟಿನೂ ಬಾಯಿ ಮಾಡ್ತಾವ. ಹಿಂಡು ಹಳ್ಳ ದಾಟಿದ ಮ್ಯಾಲ ಯಾವುದು ಕರೀತದ, ಅದು ಗಂಟಿ," ಎನ್ನುತ್ತಿದ್ದ. ಅಂಗಡಿಯವ ಮಾತ್ರ, ಇವರೇನು ಗಂಟೆ ಕೊಳ್ಳುತ್ತಾರೋ ಎತ್ತಿಕೊಂಡು ಓಡುತ್ತಾರೋ ಎಂದು ನನ್ನ ಲಂಗದ ತುದಿ ಹಿಡಿದೇ ನಿಂತಿರುತ್ತಿದ್ದ.

ಇದನ್ನು ಕೇಳಿ ಪೂರ್ಣಿ ಕುಣಿದಳು. ಅವಳು ಮಾಳಿಗೆಯ ಮೇಲೆ ಎರಡೂ ಪೆಟ್ಟಿಗೆ ಇಟ್ಟುಕೊಂಡು ಸರದಿಯಂತೆ ಬದಲಿಸಿ ಬದಲಿಸಿ ಬಾರಿಸುವುದು, ನಾನು ಓಣಿಯ ಆ ತುದಿಯಲ್ಲಿ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕೂತು ಕೇಳುವುದು. ಆದರೆ ತೀರ್ಪು ಹೇಳುವುದು ಹೇಗೆ? ಕೂಗುವುದು ನನ್ನಿಂದಾಗದು. ಕೈ ಎತ್ತಿದರೆ ಆಟೋದವರು ನಿಲ್ಲಿಸುತ್ತಾರೆ. "ಚಲೋ ಅನ್ನಿಸಿದ್ದು ಬಾರಸಾಕತ್ತಾಗ ತಲಿ ಮ್ಯಾಲ ಸೆರಗು ಹಾಕ್ಕೋತೀನಿ," ಎಂದು ನಾನೇ ಸೂಚಿಸಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಗುರುವಾರ ಸಂಜೆ ಕಟ್ಟೆಯ ಮೇಲೆ ಕೂತೆ. ಬದುಕಿನಲ್ಲಿ ಮೊದಲ ಸಲ ನನ್ನ ಮಾತಿಗೆ ಒಬ್ಬರು ಕಾದಿದ್ದರು. ಈ ಸಲ "ಇದೇ ಬೇಕು" ಎಂದು ಸರಿಯಾಗಿ ಹೇಳಿಯೇ ಏಳಬೇಕು ಎಂದುಕೊಂಡೆ. ಮೊದಲು ಮಾನ್ವಿಯ ಪೆಟ್ಟಿಗೆ ಮಾತಾಡಿತು. ಮನೆಯಲ್ಲಿ ಗೊಣಗಿದಂತೆ ಕೇಳಿಸಿದ್ದ ಅದೇ ಪೆಟ್ಟಿಗೆ, ಇಲ್ಲಿ ಒಂದೊಂದು ತಂತಿಯನ್ನೂ ಬಿಡಿಸಿ ಬಿಡಿಸಿ ಕಿವಿಯ ಬಳಿ ತಂದಿಟ್ಟಿತು. ಇದೇ ಎಂದು ಮನಸ್ಸು ಹೇಳಿತು. ಆದರೂ ಇನ್ನೊಂದನ್ನು ಕೇಳದೆ ತೀರ್ಪು ಕೊಟ್ಟರೆ ಅನ್ಯಾಯ ಎಂದು ಸುಮ್ಮನೆ ಕೂತೆ. ಆಮೇಲೆ ಶಕ್ತಿನಗರದ್ದು ಶುರುವಾಯಿತು. ಮನೆಯಲ್ಲಿ ಅಷ್ಟು ಗತ್ತಿನಿಂದ ಹಾಡಿದ್ದು, ಇಲ್ಲಿಗೆ ಬರುವಾಗ ರಾಗವನ್ನು ಮನೆಯಲ್ಲೇ ಬಿಟ್ಟು ಧಬಧಬ ಸದ್ದನ್ನಷ್ಟೇ ಕಳಿಸಿತ್ತು.

ಅಷ್ಟರಲ್ಲಿ ಗಿರಣಿಯ ಮೂಲೆಯಿಂದ ಕೋಲೂರುತ್ತ ನಮ್ಮ ಭಾವನವರು, ಎಂದರೆ ನಿಮ್ಮ ತಾತನ ಅಣ್ಣ, ಬಂದುಬಿಟ್ಟರು. ಮದುವೆಯಾಗಿ ಬಂದ ದಿನದಿಂದ ಅವರ ಮುಂದೆ ನಾನು ಬರಿತಲೆಯಲ್ಲಿ ನಿಂತವಳಲ್ಲ. ಕೈ ನನ್ನನ್ನು ಕೇಳಲಿಲ್ಲ. ಅವರ ಕೋಲಿನ ಸದ್ದಿಗೇ ಸೆರಗು ತಲೆಯ ಮೇಲಿತ್ತು. ಮೂಲೆಯ ಗೋಡೆ ಅಡ್ಡವಿದ್ದುದರಿಂದ ಮಾಳಿಗೆಯಿಂದ ಭಾವ ಕಾಣರು, ನನ್ನ ಸೆರಗು ಮಾತ್ರ ಚೆನ್ನಾಗಿ ಕಂಡಿತು. "ಆತು ಅಜ್ಜಿ!" ಎಂದು ಪೂರ್ಣಿ ಚಪ್ಪಾಳೆ ತಟ್ಟಿದಳು. ಭಾವನವರು ನಿಂತು ನನ್ನ ಮೊಣಕಾಲು, ಜೋಳದ ಧಾರಣೆ ಎಲ್ಲ ವಿಚಾರಿಸಿದರು. ನಾನು ಮನೆ ಮುಟ್ಟುವಷ್ಟರಲ್ಲಿ ಇಬ್ಬರಿಗೂ ಫೋನು ಹೋಗಿ, ಶಕ್ತಿನಗರದ ಪೆಟ್ಟಿಗೆ ಗೆದ್ದಿತ್ತು.

"ಅಜ್ಜಿ ಎಟ್ಟು ಗ್ಯಾರಂಟಿಲೇ ಸೆರಗು ಎಳಕೊಂಡ್ಲು ಅಂತೀರಿ!" ಎಂದು ಹುಡುಗಿ ಮನೆಯವರಿಗೆಲ್ಲ ಹೊಗಳುತ್ತಿದ್ದಳು. ಆ ಸಂಭ್ರಮದ ನಡುವೆ ಬಾಯಿ ತೆರೆಯಲು ನನಗಾಗಲಿಲ್ಲ. ಶುಕ್ರವಾರ ಆಗಲಿಲ್ಲ. ಶನಿವಾರ ಸೊಸೆ ಒಬ್ಬಳೇ ಇದ್ದಾಗ ಶುರುಮಾಡಿ, ಮಾತನ್ನು ಬದನೆಕಾಯಿ ಕಡೆಗೆ ತಿರುಗಿಸಿದೆ.

ಭಾನುವಾರ ಬೆಳಿಗ್ಗೆ ಖಾಜಾಸಾಬ್ ಮಾನ್ವಿ ಬಸ್ಸಿಳಿದು ಬಂದರು. ಚಹಾ ಕುಡಿದು, ಒಂದು ದುಪ್ಪಟಿಯಲ್ಲಿ ತಮ್ಮ ಪೆಟ್ಟಿಗೆಯನ್ನು ಕೂಸಿನಂತೆ ಸುತ್ತತೊಡಗಿದರು. "ಅಜ್ಜಿ ಕೇಳಿ ಬ್ಯಾಡ ಅಂದ್ರಂತ ಹುಡುಗಿ ಹೇಳಿದ್ಲು. ಫಿಕರ್ ಇಲ್ರೀ ಅಮ್ಮಾ. ಕೇಳದೇ ಬ್ಯಾಡ ಅನ್ನೋರು ಬಾಳ ಮಂದಿ. ನೀವು ಕೇಳೀರಿ, ಅಷ್ಟು ಸಾಕು," ಎಂದರು.

ಬೈದಿದ್ದರೆ ಸುಮ್ಮನಿರುತ್ತಿದ್ದೆ.

"ಅದು ಇರ್ಲಿ," ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. "ಏನಂದಿ ಅಜ್ಜಿ?"

"ಅದನ್ನ ಒಯ್ಯಬ್ಯಾಡ್ರಿ. ಅದೇ ಚಲೋ ಅದ."

"ಮತ್ತ ಸೆರಗು ಹಾಕ್ಕೊಂಡಿದ್ದಿ?"

"ನಿಮ್ಮ ದೊಡ್ಡ ತಾತ ಬಂದ್ರವ್ವಾ!"

ಸೊಸೆ ನಕ್ಕು ನಕ್ಕು ಗೋಡೆ ಹಿಡಿದಳು. ಖಾಜಾಸಾಬ್ ದುಪ್ಪಟಿ ಬಿಚ್ಚುತ್ತ, "ಹಂಗಾದ್ರ ನಾ ಸೋತಿದ್ದು ಶಂಕ್ರಪ್ಪಗ ಅಲ್ರಿ, ದೊಡ್ಡ ತಾತಗ!" ಎಂದರು. ಪೂರ್ಣಿ ನನ್ನ ಕಣ್ಣನ್ನೇ ನೋಡಿ, "ಪಕ್ಕಾ?" ಎಂದಳು. "ಪಕ್ಕಾ," ಎಂದೆ. ಆ ಮಾತು ನನ್ನ ಬಾಯಿಗೆ ಹೊಸದು.

ಆದರೆ ಬಾಯಿ ಬಿಟ್ಟವರಿಗೆ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಮಧ್ಯಾಹ್ನ ಗೆದ್ದೆನೆಂಬ ಖುಷಿಯಲ್ಲಿ ಬಂದ ಶಂಕ್ರಪ್ಪನವರು ಸಂಗತಿ ತಿಳಿದು ಸಪ್ಪಗಾದರು. ಇಡೀ ಮನೆ ನನ್ನತ್ತ ಬೆರಳು ತೋರಿಸಿ ಒಳಗೆ ಜಾರಿಕೊಂಡಿತು. ರೊಟ್ಟಿ, ಶೇಂಗಾ ಹಿಂಡಿ ಬಡಿಸಿದೆ. ಅವರು ಉಂಡು ಕೈ ತೊಳೆದು, ಒಂದು ನೋಟುಬುಕ್ಕು ತೆಗೆದು ಕೇಳಿದರು. "ಏನು ಕಮ್ಮಿ ಅದ ಹೇಳ್ರಿ ಯವ್ವಾ, ಬರಕೋತೀನಿ." ನಾಲ್ಕನೇ ಇಯತ್ತೆ ಓದಿದ ನಾನು, ಊರಿಗೆ ಬೆಳಕು ಕೊಟ್ಟವರಿಗೆ ಪಾಠ ಹೇಳಿದೆ. ಸದ್ದು ಬರುತ್ತದೆ, ರಾಗ ಹಿಂದೆ ಉಳಿಯುತ್ತದೆ ಎಂದೆ. ಅವರು ಒಂದಕ್ಷರ ಬಿಡದೆ ಬರೆದುಕೊಂಡರು. "ಸರಿ ಮಾಡ್ಕೊಂಡು ಬರ್ತೀನ್ರಿ. ನೀವು ಮತ್ತ ಕೇಳಬೇಕು," ಎಂದರು.

ಹದಿನೈದು ದಿನಕ್ಕೆ ಬಂದರು. ನಾನು ಗಿರಣಿ ಕಟ್ಟೆಗೆ ಹೋದೆ. ಕೇಳಿ ಬಂದು, ಇನ್ನೂ ಸ್ವಲ್ಪ ಕಮ್ಮಿ ಎಂದೆ. ಮತ್ತೆ ಬರೆದುಕೊಂಡು ಹೋದರು. ಮೊನ್ನೆ ಮೂರನೇ ಸಲ ತಂದರು. ನಿಮ್ಮ ಮುಂದೆ ಸುಳ್ಳೇಕೆ, ರಾಗ ಎರಡನೇ ಸಲವೇ ಗಿರಣಿ ದಾಟಿ ಮುಂದಿನ ಓಣಿಯವರೆಗೂ ಹೋಗಿತ್ತು. ಶಂಕ್ರಪ್ಪನವರು ಪೆನ್ನಿನ ಟೋಪಿ ತೆಗೆದು, "ಯವ್ವಾ, ನೀವು ಹೇಳ್ರಿ, ಈಗ ಹೆಂಗದ?" ಎಂದು ಕಾದು ನಿಂತರು. ನಾನು ತುಸು ಹೊತ್ತು ಆಕಾಶ ನೋಡಿದೆ.

"ಇನ್ನೊಂದೀಟು ಬರಬೇಕ್ರಿ," ಎಂದೆ.