ಕುಂಬಳದ ಬಳ್ಳಿಯಲ್ಲಿ ಸೋರೆಕಾಯಿ

ಕುಂಬಳದ ಬಳ್ಳಿಗೆ ದಾರದಲ್ಲಿ ಸೋರೆಕಾಯಿ ಕಟ್ಟಿದ ಮನುಷ್ಯ ಇಡೀ ನಂಜನಗೂಡಿನಲ್ಲಿ ನಾನೊಬ್ಬನೇ ಇರಬೇಕು. ಕಟ್ಟುವಾಗ ಅದು ಕುಂಬಳದ ಬಳ್ಳಿ ಅಂತ ನನಗೆ ಗೊತ್ತಿರಲಿಲ್ಲ. ಇದನ್ನು ನನ್ನ ಸಮರ್ಥನೆ ಅಂತ ಹೇಳಹೊರಟರೆ ಕೇಳಿದವರು ಇನ್ನೂ ಜೋರಾಗಿ ನಗುತ್ತಾರೆ.

ನಮ್ಮ ಮಾವ ಮೂಗೂರಿನವರು, ಹುಟ್ಟಾ ಬೇಸಾಯಗಾರರು. ಮಗಳನ್ನು ನನಗೆ ಕೊಡುವಾಗ, "ಉಡ್ಗ ಒಳ್ಳೇವ್ನೆ, ಆದ್ರೆ ಮಣ್ಣು ಮುಟ್ದೋನಲ್ಲ" ಅಂದಿದ್ದರಂತೆ. ಆ ಮಾತು ನನಗೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ನಿಂತಿತ್ತು. ಹೆಂಡತಿ ಹೆರಿಗೆಗೆ ತವರಿಗೆ ಹೋದದ್ದೇ ತಡ, ತಾರಸಿಯ ಮೇಲೆ ಹಳೇ ಪೇಂಟ್ ಡಬ್ಬಗಳನ್ನು ಜೋಡಿಸಿ ತೋಟ ಶುರುಮಾಡಿದೆ. ಮನೆ ಅಚ್ಚುಕಟ್ಟಾಗಿರಲಿ ಅಂತ ಬೀಜದ ಪೊಟ್ಟಣಗಳನ್ನೆಲ್ಲ ಒಡೆದು ಒಂದೇ ಬಾಟಲಿಗೆ ಸುರಿದಿಟ್ಟಿದ್ದೆ. ಒಂದು ಬಳ್ಳಿ ಹಬ್ಬಿತು. ಅದು ಸೋರೆ ಅಂತ ನಾನೇ ನಾಮಕರಣ ಮಾಡಿ ಹೆಂಡತಿಗೆ ಫೋನಿನಲ್ಲಿ ವರದಿ ಒಪ್ಪಿಸಿದೆ.

ಹೀಚು ಕಾಣಿಸಿದಾಗಲಂತೂ ಎದುರುಮನೆ ಗೌರಮ್ಮನವರನ್ನೇ ಕರೆದು ಬೆರಳು ಮಾಡಿ ತೋರಿಸಿದೆ. ಅವರು ಹೌಹಾರಿಬಿಟ್ಟರು.

"ಅಯ್ಯೋ, ಎಳೇ ಕಾಯ್ಗೆ ಬೆಳ್ ತೋರುಸ್ತಾರೇನಪ್ಪ? ಕೊಳ್ತೋಯ್ತದೆ. ಬೆಳ್ ಮಡಿಸ್ಕಂಡು ತೋರುಸ್ಬೇಕು."

ಅವತ್ತಿನಿಂದ ನನ್ನ ತೋರುಬೆರಳು ನೆಟ್ಟಗಾಗಲೇ ಇಲ್ಲ. ಆಫೀಸಿನಲ್ಲಿ ಕಂಪ್ಯೂಟರ್ ಪರದೆಯನ್ನೂ ಗೆಣ್ಣಿನಿಂದಲೇ ತೋರಿಸುತ್ತಿದ್ದೆ. ಆದರೂ ಹೀಚುಗಳು ಒಂದೊಂದಾಗಿ ಹಳದಿಯಾಗಿ ಉದುರಿಹೋದವು. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. "ಕಾಯಿ ಹೆಂಗೈತೆ?" ಅಂದಾಗಲೆಲ್ಲ "ದಪ್ಪ ಆಗ್ತಾ ಇದೆ" ಅನ್ನುತ್ತಿದ್ದೆ.

ಒಂದು ಶುಕ್ರವಾರ ಅವಳ ಫೋನು ಬಂತು. "ರೀ, ಭಾನ್ವಾರ ಅಪ್ಪ ಬತ್ತಾವ್ರೆ, ಕಾಯಿ ನೋಡಕ್ಕೆ. ನಮ್ಮನೆಯವ್ರು ಯಾವ ರೈತ್ರಿಗೂ ಕಮ್ಮಿ ಇಲ್ಲ ಅಂತ ಅತ್ತಿಗೆ ಮುಂದೆಲ್ಲ ಹೇಳ್ಬುಟ್ಟಿವ್ನಿ. ನನ್ನ ಮರ್ವಾದೆ ನಿಮ್ ಕೈಲದೆ."

ತುಂಬು ಬಸುರಿಯ ಮರ್ಯಾದೆ. ಶನಿವಾರ ಸಂತೆಗೆ ಹೋಗಿ ಒಂದು ಸೋರೆಕಾಯಿ ತಂದು, ಹಸಿರು ದಾರದಲ್ಲಿ ಬಳ್ಳಿಗೆ ಕಟ್ಟಿ, ಗಂಟಿನ ಮೇಲೆ ಎಲೆ ಹೊದಿಸಿದೆ. ಗಾಳಿ ಬೀಸಿದಾಗಲೆಲ್ಲ ಮೆಟ್ಟಿಲು ಹತ್ತಿ ಹೋಗಿ, ಕಾಯಿ ಇನ್ನೂ ನೇತಾಡುತ್ತಿದೆಯೇ ಅಂತ ನೋಡಿ ಬರುತ್ತಿದ್ದೆ.

ಮಾವ ಬಂದವರು ಕಾಫಿಯನ್ನೂ ಕುಡಿಯದೆ ನೇರ ತಾರಸಿಗೆ ಹತ್ತಿದರು. ಬಳ್ಳಿಯ ಹೂವೊಂದನ್ನು ಹಿಡಿದು ನೋಡಿದರು.

"ಸೋರೆ ಊವು ಬೆಳ್ಳಗಿರ್ತದೆ. ಇದು ಅರಿಸ್ನ ಬಣ್ಣ ಐತಲ್ಲ ಅಳೀಂದ್ರೇ?"

"ಗೊಬ್ಬರ ಸ್ವಲ್ಪ ಜಾಸ್ತಿ ಆಯ್ತು ಮಾವ."

"ಅಂಗಾ," ಅಂತ ಅವರು ಬೆರಳನ್ನು ನೆಟ್ಟಗೆ ಚಾಚಿ ಸೋರೆಕಾಯಿಯನ್ನೇ ತೋರಿಸಿದರು. "ಕಾಯಂತೂ ಚೆಂದಾಗೈತೆ."

ನಾನು ಗಾಬರಿಯಿಂದ, "ಮಾವ, ಬೆರಳು ಮಡಿಸಿ, ಕೊಳೆತುಹೋಗುತ್ತೆ" ಅಂದೆ.

"ಇದುಕ್ಕೇನೂ ಆಗಕಿಲ್ಲ ಬುಡಿ." ಆಮೇಲೆ ಬಗ್ಗಿ, ಮೂಲೆಯ ದೊಡ್ಡ ಎಲೆಯೊಂದನ್ನು ಎತ್ತಿ, ಈ ಸಲ ಬೆರಳನ್ನು ಜೋಪಾನವಾಗಿ ಮಡಿಸಿ ತೋರಿಸಿದರು. "ಇಲ್ನೋಡಿ, ಒಂದು ಕುಂಬ್ಳದ್ ಈಚು ನಿಂತದೆ. ಇದುನ್ನ ಉಸಾರಾಗಿ ನೋಡ್ಕಳಿ."

ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆದರೆ ಅದು ತಾರಸಿ, ಇಳಿದರೂ ಕೆಳಗಿನ ಬಾಡಿಗೆಯವರ ಅಡುಗೆಮನೆ. ಮಾವ ದಾರವನ್ನು ಮೆಲ್ಲಗೆ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಕಾಯಿಯನ್ನು ನನ್ನ ಕೈಗೆ ಕೊಟ್ಟು ಸಾರು ಮಾಡಿಸಿದರು. ಉಂಡು, ನನ್ನೆದುರೇ ಮಗಳಿಗೆ ಫೋನು ಮಾಡಿ, "ನಿನ್ ಗಂಡ ತೋರಿಸ್ದ ಕಾಯಿ ಬಲು ರುಚಿ ಕಣವ್ವ" ಅಂದರು. ಆ ಕಡೆಯಿಂದ ಅವಳ ನಗು ನನಗೂ ಕೇಳಿಸಿತು.

ಸಂಜೆ ಬಸ್ಸು ಹತ್ತಿಸಲು ಹೋದೆ. ಕಿಟಕಿ ಪಕ್ಕ ಕೂತ ಮಾವ ಹತ್ತಿರ ಕರೆದು, ಪಕ್ಕದವರಿಗೆ ಕೇಳಿಸದ ಹಾಗೆ ಹೇಳಿದರು: "ಬರೋ ವಾರ ನಿಮ್ಮತ್ತೆನೂ ಕರ್ಕಂಡ್ ಬತ್ತೀನಿ. ಅವ್ಳಿಗೆ ಸೋರೆಕಾಯಿ ಸೀತ ಆಗ್ಬುಡ್ತದೆ. ಬದ್ನೇಕಾಯಿ ಕಟ್ಟಿರಿ."